ಹೊಳಪು ಮಾಸುವ ಮುನ್ನ

“ನಿಲ್ಲಿಸಿ!” ಎಂದವಳೇ ನನ್ನ ಕ್ಲಿನಿಕ್ಕಿನ ಜೊತೆ ಡಾಕ್ಟರ ಕಾಲಿನಡಿಯ ಪೆಡಲನ್ನು ಒದ್ದು ಸರಿಸಿದೆ. ಡ್ರಿಲ್ ನಿಂತಿತು. ಚೇರಿನಲ್ಲಿದ್ದ ನಿವೃತ್ತ ಗಣಿತದ ಟೀಚರ್ ಬಾಯಿ ತೆರೆದುಕೊಂಡೇ ಕಣ್ಣರಳಿಸಿದರು.

“ಆ ಹಳೇ ಫಿಲ್ಲಿಂಗನ್ನ ಯಾಕೆ ತೆಗೀತಿದ್ದೀರಿ?”

“ಕಾರ್ಡಲ್ಲಿ ಗ್ಲಾಸ್ ಅಯಾನಮರ್ ಸಿಮೆಂಟ್ ಅಂತಿದೆ. ತಾತ್ಕಾಲಿಕ ಫಿಲ್ಲಿಂಗ್ ಅಲ್ವಾ ಡಾಕ್ಟ್ರೇ?”

“ತಾರೀಕು ನೋಡಿ.”

ಎಂಟು ವರ್ಷದ ಹಿಂದೆ ನಾನೇ ತುಂಬಿದ್ದು.

“ಎಂಟು ವರ್ಷ ಕೂತಿರೋದು ತಾತ್ಕಾಲಿಕನಾ? ಅದು ಹಲ್ಲನ್ನ ತಾನಾಗೇ ಹಿಡ್ಕೊಳ್ಳುತ್ತೆ. ಅಂಚಲ್ಲಿ ಒಂದೇ ಒಂದು ಬಿರುಕು ತೋರಿಸಿ, ನಾನೇ ಕಿತ್ತು ಕೊಡ್ತೀನಿ.”

ಅವರು ಕನ್ನಡಿ ಹಿಡಿದು ಅಂಚಿನುದ್ದಕ್ಕೂ ತಡವಿದರು. ನಿಧಾನ, ಎಲ್ಲದರಲ್ಲೂ ನಿಧಾನ. ಕೊನೆಗೆ ಮಾಸ್ಕಿನ ಮೇಲಿಂದ ನನ್ನತ್ತ ಒಂದು ನೋಟ. ಮೂರು ವರ್ಷದಿಂದ ಇದೇ ನೋಟ: ಏನೋ ಹೇಳಹೊರಟು, ಹೇಳದೆ, ಮತ್ತೆ ಯಾರದೋ ಬಾಯೊಳಗೆ ಇಳಿದುಹೋಗುವ ನೋಟ. ಮೌನವನ್ನು ನಾನೂ ಪ್ರೀತಿಸುತ್ತೇನೆ; ಆದರೆ ಇವರ ಮೌನ ನನ್ನ ಮೈಯುರಿಸುತ್ತದೆ.

ಬೇರೆ ಊರಿನ ದೊಡ್ಡ ಆಸ್ಪತ್ರೆಯಿಂದ ಅವರಿಗೆ ಕೆಲಸದ ಪತ್ರ ಬಂದಿತ್ತು. ಇವತ್ತು ಸಂಜೆ ಐದರೊಳಗೆ ಉತ್ತರಿಸಬೇಕು. ಅದನ್ನೂ ನನಗೆ ಹೇಳಿದ್ದು ರಿಸೆಪ್ಷನಿಸ್ಟ್.

“ಹಳೇದು ಚೆನ್ನಾಗಿದೆ,” ಎಂದರು. “ಪಕ್ಕದ ಹಲ್ಲಲ್ಲಿ ಒಸಡಿನ ಹತ್ರ ಹುಳುಕಿದೆ. ಅದಕ್ಕೂ ಇದನ್ನೇ ಹಾಕ್ತೀನಿ. ಕಲಸಿ ಕೊಡ್ತೀರಾ?”

ಹುಳುಕು ತೆಗೆದು ಹಲ್ಲು ಸಿದ್ಧಮಾಡಿದರು. ನಾನು ಪುಡಿಗೆ ದ್ರವ ಸೇರಿಸಿ ಕಲಸಿದೆ. ಈ ಸಿಮೆಂಟನ್ನು ಹೊಳಪಿರುವಾಗಲೇ ಹಲ್ಲಿಗಿಡಬೇಕು, ಮಂಕಾದರೆ ಹಿಡಿಯುವುದಿಲ್ಲ. ಅವರ ಮುಂದೆ ಚಾಚಿದೆ. ತೆಗೆದುಕೊಳ್ಳಲಿಲ್ಲ.

“ಆ ಪತ್ರದ ವಿಷಯ… ನಿಮ್ಮ ಅಭಿಪ್ರಾಯ ಏನು?”

“ಈಗಲಾ?”

“ಅಲ್ಲ, ನೀವು ಹೇಗೆ ಹೇಳ್ತೀರೋ ಹಾಗೆ…”

“ನಾನ್ಯಾರು ಹೇಳೋಕೆ? ಹೋಗಿ!”

ನೋಡನೋಡುತ್ತಲೇ ಹೊಳಪು ಮಾಸಿತು. “ಹಾಳಾಯ್ತು,” ಎಂದು ಕಸದ ಡಬ್ಬಿಗೆ ಕೆರೆದು ಹಾಕಿದೆ.

ಟೀಚರ್ ಬಾಯಲ್ಲಿದ್ದ ಹತ್ತಿಯನ್ನು ತಾವೇ ಕಿತ್ತರು. “ಉತ್ತರ ಗೊತ್ತಿದ್ದೂ ಕೈ ಎತ್ತದ ಹುಡುಗರನ್ನ ಕಂಡ್ರೆ ನಂಗಾಗಲ್ಲ ಕಣಪ್ಪಾ. ಊರವರ ಬಾಯೆಲ್ಲ ಬಿಡಿಸ್ತೀಯ, ನೀನು ಬಾಯಿ ಬಿಡೋದು ಯಾವಾಗ?”

“ಮೊದಲು ಹಲ್ಲು,” ಎಂದು ನಾನು ಗದರಿದೆ.

ಹೊಸ ಹತ್ತಿ, ಹೊಸ ಸಿಮೆಂಟ್. ಈ ಸಲ ಅವರು ತಕ್ಷಣ ತುಂಬಿದರು, ಗಟ್ಟಿಯಾದ ಮೇಲೆ ವಾರ್ನಿಷ್ ಬಳಿದರು.

“ಒಂದು ಗಂಟೆ ಏನೂ ತಿನ್ಬೇಡಿ,” ಎಂದೆ.

“ಮಾತಾಡಬಹುದಾ?”

“ಧಾರಾಳವಾಗಿ.”

“ಕೇಳಿಸ್ತೇನಪ್ಪಾ?” ಎಂದು ಅವರತ್ತ ತಿರುಗಿ ಹೇಳಿ ಟೀಚರ್ ಹೊರಟುಹೋದರು.

ಗಂಟೆ ನಾಲ್ಕೂ ಮುಕ್ಕಾಲು. ಅವರು ಮಾಸ್ಕ್ ತೆಗೆದರು.

“ನಂಗೆ ಹೋಗೋಕೆ ಇಷ್ಟ ಇಲ್ಲ. ನಿಮ್ಮನ್ನ ಬಿಟ್ಟು… ಮದುವೆ ಆಗ್ತೀರಾ ನನ್ನನ್ನ?”

“ಇಷ್ಟು ಕೇಳೋಕೆ ಮೂರು ವರ್ಷ ಬೇಕಾಯ್ತಾ?”

“ನೀವು ಬೈತೀರೇನೋ ಅಂತ…”

“ಬೈತಾನೇ ಇದ್ದೀನಲ್ಲ! ಮೊದಲು ಆ ಆಸ್ಪತ್ರೆಯವರಿಗೆ ಉತ್ತರ ಬರೀರಿ.”

ಅವರು ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ತಡೆಯಲಾರದೆ ಕಸಿದುಕೊಂಡು ನಾನೇ ಬರೆದು ಕಳಿಸಿದೆ.

“ಏನಂತ ಬರೆದ್ರಿ?”

“ನಾವು ಬರೋಲ್ಲ ಅಂತ.”

“ಅವರು ಕರೆದಿದ್ದು ನನ್ನೊಬ್ಬನ್ನೇ ಅಲ್ವಾ?”

ನಾನು ಹಣೆ ಚಚ್ಚಿಕೊಂಡೆ. ಆಮೇಲೆ ಅವರಿಗೆ ಆ ‘ನಾವು’ ಅರ್ಥವಾಗತೊಡಗಿತು. ಮೊದಲು ಕಿವಿ ಕೆಂಪಾಯಿತು, ಬಹಳ ಹೊತ್ತಿನ ಮೇಲೆ ಕೆನ್ನೆ.