ಮೇಪಲ್ ಮರದ ಬೋಳು ಪಟ್ಟಿ

"ನಿನ್ನನ್ನ ಆ ಒದ್ದೆ ಗುಂಡಿಗೆ ಇಳಿಸಲ್ಲ ಕಣೇ, ಖಂಡಿತ ಇಳಿಸಲ್ಲ." ಚೊಚ್ಚಲ ಮಗುವಿನ ಶವಪೆಟ್ಟಿಗೆ ಗುಂಡಿಯ ನೀರಿನಲ್ಲಿ ತೇಲಿದ ದಿನ ಉರ್ಹೊ ಹೆಂಡತಿ ಐಲಾಗೆ ಕೊಟ್ಟ ಮಾತದು. ವಿಲ್ಲಪಾ ಕೊಲ್ಲಿಯ ಆ ಹಳ್ಳಿಯಲ್ಲಿ ಮಣ್ಣು ಎಂದೂ ಒಣಗುವುದಿಲ್ಲ.

ನಲವತ್ತು ವರ್ಷದ ಮೇಲೆ ಐಲಾ ತೀರಿಕೊಂಡಳು. ಅವಳ ಬೂದಿಯನ್ನು ಚರ್ಚಿನ ಹಿಂದೆ, ಆ ಮಗುವಿನ ಪಕ್ಕದಲ್ಲೇ ಹೂಳಬೇಕೆಂದು ಮಗಳು ಕೆರ್ತು ಹಟ ಹಿಡಿದಳು. ಹೂಳುವ ದಿನ ಬೆಳಿಗ್ಗೆ ನೋಡಿದರೆ—ಬೂದಿ ತುಂಬಿದ ತಾಮ್ರದ ಕರಡಿಗೆ ಮಾಯ!

ಅನುಮಾನ ಕ್ಲೆಮ್ ಮೇಲೆ ಬಿತ್ತು. ಕಾಡಿನ ಮರಗಳ ಪಾಚಿ ಸುಲಿದು ಹೂವಿನಂಗಡಿಗಳಿಗೆ ಮಾರುವವನು. ಉರ್ಹೊ ಮನೆಯ ಸೌನಾದ, ಅಂದರೆ ಹಬೆಸ್ನಾನದ ಗುಡಿಸಲಿನ, ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದವನು. ಹಿಂದೊಮ್ಮೆ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದಿದ್ದ. ಎರಡು ಮಳೆಗಾಲ ಕೇಸು ಎಳೆಯಿತು. ಜಾಮೀನಿನ ಮೇಲಿದ್ದವನಿಗೆ ಸೋಮವಾರ ತೀರ್ಪು.

ಅವನ ವಕೀಲ ಕಳಿಸಿದ ಪತ್ತೇದಾರಿಣಿ ಸೈಮಾ ಶನಿವಾರ ಬಂದಳು.

"ಅಪ್ಪನ್ನ ಯಾಕೆ ಕಾಡ್ತೀರಿ? ಆ ಕ್ಲೆಮೇ ಕದ್ದಿದ್ದು, ಊರಿಗೇ ಗೊತ್ತು," ಕೆರ್ತು ಸಿಡುಕಿದಳು.

"ಊರು ಕಣ್ಣಾರೆ ಕಂಡಿತ್ತಾ? ನೀವೇನಂತೀರಿ, ಯಜಮಾನರೇ?"

ಉರ್ಹೊ ಕಾಫಿ ಕಪ್ಪಿನೊಳಗೇ ನೋಡುತ್ತಿದ್ದ. "ಹುಡುಗ ಕೆಟ್ಟವನಲ್ಲ."

ಸೈಮಾ ಅಂಗಳಕ್ಕಿಳಿದಳು, ತಂದೆ ಮಗಳು ಹಿಂದೆಯೇ ಬಂದರು. ಮುದಿ ಮೇಪಲ್ ಮರದ ಮೈತುಂಬ ದಪ್ಪ ಹಸಿರು ಪಾಚಿ.

"ಇದನ್ನ ಕ್ಲೆಮ್ ಮುಟ್ಟಿಲ್ವಾ?"

"ಅಮ್ಮ ಬಿಡ್ಬೇಕಲ್ಲ! ‘ಅದು ನನ್ನ ಮರದ ಸ್ವೆಟರು, ಬಿಚ್ಚಿದ್ರೆ ನಿನಗೆ ಊಟ ಇಲ್ಲ’ ಅಂತಿದ್ಲು." ಕೆರ್ತು ನಕ್ಕಳು, ಮರುಕ್ಷಣ ಮೂಗು ಒರೆಸಿಕೊಂಡಳು.

"ಹಾಗಾದ್ರೆ ಇದನ್ನ ಬಿಚ್ಚಿದ್ದು ಯಾರು?"

ಮೇಲಿನ ಕವಲಿನಿಂದ ಬುಡದವರೆಗೆ ಅಂಗೈಯಗಲದ ಒಂದು ಪಟ್ಟಿ ಬೋಳಾಗಿತ್ತು.

"ಬಿಸಿಲಿಗೆ ಒಣಗಿರ್ಬೇಕು."

"ಈ ಊರಲ್ಲಿ ಬಿಸಿಲಾ, ತಾಯಿ? ಸುಲಿದಿದ್ರೆ ಅಂಚು ಹರಿದಿರ್ತಿತ್ತು. ಇದು ನಿಂತಲ್ಲೇ ಕಂದಿ ಸತ್ತಿದೆ. ಅದೇ ಮರ, ಅದೇ ನೆರಳು, ಅದೇ ಮಳೆ. ಇಲ್ಲಿ ಇಳಿಯೋ ನೀರಲ್ಲಿ ಮಾತ್ರ ಏನು ಬೆರೆತಿದೆ? ನಿಮ್ಮ ಮನೆ ಸೂರಿಗೆ ತಾಮ್ರದ ಪಟ್ಟಿ ಯಾಕೆ ಹೊಡೆದಿದೀರಿ?"

"ಪಾಚಿ ಹಿಡೀಬಾರ್ದು ಅಂತ. ಮಳೆನೀರಲ್ಲಿ ತಾಮ್ರದ ಅಂಶ ಇಳಿದು..." ಕೆರ್ತುಳ ಕಣ್ಣು ಕವಲಿಗೆ ಏರಿತು. "ಅಮ್ಮನ ಕರಡಿಗೆ ಅಲ್ಲಿದ್ಯಾ? ಅಷ್ಟೆತ್ತರಕ್ಕೆ ಯಾರು ಹತ್ತಿದ್ರು?"

ಜಗಲಿಯ ಗೋಡೆಯಲ್ಲಿ ಮರ ಹತ್ತುವ ಕಬ್ಬಿಣದ ಕಾಲ್ಮುಳ್ಳುಗಳು ತೂಗುತ್ತಿದ್ದವು. ಉರ್ಹೊ ಆಯಸ್ಸೆಲ್ಲ ಮರದ ತುದಿ ಕಡಿದು ಬದುಕಿದವನು.

"ನಿಮ್ಮ ಮುಳ್ಳಿನ ಗುರುತನ್ನ ಪಾಚಿ ಮುಚ್ಚಿಕೊಂಡಿತು, ಯಜಮಾನರೇ," ಸೈಮಾ ಮೆಲ್ಲಗೆ ಹೇಳಿದಳು. "ತಾಮ್ರ ಬಾಯಿಬಿಟ್ಟಿತು."

"ಅಪ್ಪಾ? ಕ್ಲೆಮ್ ಜೈಲಿಗೆ ಹೋದ್ರೂ ಸುಮ್ನಿರ್ತಿದ್ದೆಯಾ?"

"ಅವಳಿಗೆ ಮಾತು ಕೊಟ್ಟಿದ್ದೆ, ಮಗಳೇ. ನೀರಿಗೆ ಹಾಕಲ್ಲ ಅಂತ."

"ಆ ಪಾಪು ಒಂಟಿಯಾಗಿ ಅದೇ ನೀರಲ್ಲಿ ಮಲಗಿದೆಯಲ್ಲಪ್ಪ."

ಉರ್ಹೊ ಕವಲಿನತ್ತ ತಲೆಯೆತ್ತಿದ. "ಈಗ ನನ್ನ ಕೈಲಿ ಹತ್ತೋಕಾಗಲ್ಲ," ಎಂದ. "ಕ್ಲೆಮ್‌ನ ಕರೀರಿ. ಅವನಾದ್ರೆ ನಿಧಾನವಾಗಿ ಇಳಿಸ್ತಾನೆ."

ಸೋಮವಾರ ಕ್ಲೆಮ್ ಬಿಡುಗಡೆಯಾದ. ಮರುದಿನ ಐಲಾಳನ್ನು ಮಗುವಿನ ಪಕ್ಕದಲ್ಲಿ ಹೂಳಿದರು. ಗುಂಡಿಯಲ್ಲಿ ಗೇಣು ನೀರಿತ್ತು. ಉರ್ಹೊ ಕೊಟ್ಟ ಮಾತಿಗೆ ತಪ್ಪಿದ.