ಮಲ್ಕಪ್ಪನ ಹಳೆಯ ಅಳತೆ

ಸರ್ಕಾರ ಅಫೀಮನ್ನು ಪೂರ್ತಿ ನಿಷೇಧಿಸಿದ್ದಕ್ಕೆ ಖಂಡಪ್ಪನ ತಕರಾರೇನೂ ಇರಲಿಲ್ಲ. ಸರ್ಕಾರವೆಂದ ಮೇಲೆ ಏನಾದರೊಂದನ್ನು ನಿಷೇಧಿಸುತ್ತಲೇ ಇರಬೇಕು. ಅದರ ಆರೋಗ್ಯಕ್ಕೆ ಅದು ಒಳ್ಳೆಯದು. ಅವನಿಗೆ ಸಹಿಸಲಾಗದ್ದು ಮಲ್ಕಪ್ಪ ಅಫೀಮು ಬಿಟ್ಟದ್ದು.

ಆಳಂದದ ಪೇಟೆಯಲ್ಲಿ ಖಂಡಪ್ಪನ ತಂದೆ ನಿಜಾಮರ ಕಾಲದಿಂದ ಲೈಸೆನ್ಸಿನ ಅಫೀಮಿನಂಗಡಿ ನಡೆಸಿದವರು. ಅವರ ನಂತರ ಖಂಡಪ್ಪ. ಡಾಕ್ಟರ ಚೀಟಿ, ಸರ್ಕಾರಿ ಕಾರ್ಡು ಇದ್ದ ಮುದುಕರು ಬಂದು ಗಲ್ಲಾದ ಆಚೆ ನಿಂತು, ತಕ್ಕಡಿಯ ಮುಳ್ಳನ್ನು ದೇವರ ಮುಖ ನೋಡಿದಂತೆ ನೋಡುತ್ತಿದ್ದರು. ಎಂಬತ್ತೈದರ ಕಾನೂನು ಬಂತು. ಕಾರ್ಡು ರದ್ದಾದವು, ಬೋರ್ಡು ಇಳಿಯಿತು. ಉಳಿದ ಮಾಲನ್ನು ಖಂಡಪ್ಪ ಸರ್ಕಾರಕ್ಕೆ ಒಪ್ಪಿಸಿದ, ಅಂದರೆ ತೋರಿಸಲೇಬೇಕಾದಷ್ಟನ್ನು. ಮಿಕ್ಕದ್ದು ಹಿತ್ತಲಿನ ಹಗೇವಿನಲ್ಲಿ, ಜೋಳ ತುಂಬಿಡುವ ನೆಲಮಾಳಿಗೆಯಂಥ ಆ ಗುಂಡಿಯಲ್ಲಿ, ಒಂದು ಗಡಿಗೆಯೊಳಗೆ ತಣ್ಣಗೆ ಕೂತಿತು.

ಮಾದನಹಿಪ್ಪರಗಾದಿಂದ, ಜಿಡಗಾದಿಂದ ಹಳೆಯ ಗಿರಾಕಿಗಳು ಮೊಮ್ಮಕ್ಕಳಿಗೆ ಹೆಣ್ಣು ನೋಡುವ ನೆಪದಲ್ಲಿ ಬಂದು ಹೋಗುತ್ತಿದ್ದರು. ಸಿಕ್ಕಿಬಿದ್ದರೆ ಹತ್ತು ವರ್ಷ ಜೈಲು. ಆದರೆ ಸಿಕ್ಕಿಬೀಳುವುದು ಹೇಗೆ? ಅಫೀಮು ತಿನ್ನುವವರಷ್ಟು ಗುಟ್ಟು ಕಾಯುವವರು ಭೂಮಿಯ ಮೇಲಿಲ್ಲ. ಬಾಯಿಬಿಟ್ಟರೆ ನಾಳೆ ಅದೇ ಬಾಯಿಗೆ ಏನು ಹಾಕಿಕೊಳ್ಳುವುದು?

ಬಿಟ್ಟವನಿಗೆ ಆ ಚಿಂತೆ ಇಲ್ಲ. ಅದೇ ತೊಂದರೆ.

ಮಾದನಹಿಪ್ಪರಗಾದ ಮಲ್ಕಪ್ಪ ಒಂದು ಆಯುಷ್ಯವಿಡೀ ತಿಂದವನು. ಅಂಗಡಿಯಲ್ಲಿ ಅವನ ಅಳತೆಗೆ ಸಮನಾದ ಅಳತೆ ಇನ್ನೊಬ್ಬರದಿರಲಿಲ್ಲ. ಅಂಥವನು ಚಟ ಬಿಡಿಸುವ ಶಿಬಿರಕ್ಕೆ ಹೋಗಿ, ಕೊರಳಿಗೆ ಹಾರ ಹಾಕಿಸಿಕೊಂಡು ಬಂದು, ಈಗ ನಿಷೇಧದ ಪ್ರಚಾರ ಮಾಡುವ ಅಬಕಾರಿ ಸಾಹೇಬರ ಜೀಪಿನಲ್ಲಿ ಊರೂರು ತಿರುಗುತ್ತಿದ್ದ. ಸಾಹೇಬರು ಮೈಕಿನಲ್ಲಿ ಕಾನೂನಿನ ಕಲಮು ಓದುವಾಗ ಜನ ಬೀಡಿ ಹಚ್ಚುತ್ತಿದ್ದರು. ಮಲ್ಕಪ್ಪ ಎದ್ದು, "ನೋಡ್ರೆಪ್ಪಾ, ಈ ಹೊಟ್ಟ್ಯಾಗ ಒಂದು ಗಾಡಿ ಅಫೀಮು ಹೋಗ್ಯಾದ. ಹೆಣಾ ಆಗಿದ್ದೆ, ಈಗ ಮನಷ್ಯಾ ಆಗೇನಿ" ಎಂದರೆ ಬೀಡಿ ಆರಿಸುತ್ತಿದ್ದರು. ಇಡೀ ನಿಷೇಧಕ್ಕೆ ಆ ಸೀಮೆಯಲ್ಲಿದ್ದ ಪುರಾವೆ ಅವನೊಬ್ಬನೇ.

ಒಂದು ಮಧ್ಯಾಹ್ನ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಈ ಪುರಾವೆ ಖಂಡಪ್ಪನ ಅಂಗಿ ಹಿಡಿದು ನಿಲ್ಲಿಸಿತು.

"ಖಂಡಪ್ಪಾ, ಸಾಹೇಬ್ರು ಒಂದೇ ಸಮ ಕೇಳಾಕತ್ತಾರ ನೋಡು. ಇನ್ನಾ ಯಾರು ಮಾರಾಕತ್ತಾರ, ಯಾರು ಮಾರಾಕತ್ತಾರ ಅಂತ."

"ನೀ ಏನಂದಿ ಕಾಕಾ?"

"ಏನಂಬಲಿ? ನಿನ್ನ ಹೆಸರು ನಾಲಿಗಿ ತುದಿಗಿ ಬರ್ತದ, ನುಂಗ್ತೇನಿ. ಬರೇ ಉಗುಳು ಎಷ್ಟು ದಿನಾ ನುಂಗಲೋ ತಮ್ಮಾ? ಸೋಮವಾರ ಜೇವರ್ಗ್ಯಾಗ ದೊಡ್ಡ ಸಭಾ ಅದ."

ಇಷ್ಟು ಹೇಳಿ ಮುದುಕ ಏನನ್ನೋ ಕಾಯುವವನಂತೆ ಖಂಡಪ್ಪನ ಮುಖವನ್ನೇ ನೋಡಿದ. ಖಂಡಪ್ಪ ಚಹಾ ಕುಡಿಸಿ ಕಳಿಸಿದ. ಮನೆಗೆ ಬರುವಷ್ಟರಲ್ಲಿ ಮಲ್ಕಪ್ಪ ಸಾಯಬೇಕೆಂಬುದು ನಿಶ್ಚಯವಾಗಿತ್ತು. ಉಳಿದದ್ದು ಹೇಗೆ ಎಂಬುದಷ್ಟೇ.

ಆ ಹೇಗೆಯನ್ನು ಹಿಂದೊಮ್ಮೆ ಪೇಟೆಯ ಹಕೀಮ ಬುರಾನುದ್ದೀನ ತನಗರಿವಿಲ್ಲದೆ ಹೇಳಿಕೊಟ್ಟಿದ್ದ. ಅಫಜಲಪುರದ ದರ್ಜಿಯೊಬ್ಬ ಹೊಡೆದಾಟದ ಕೇಸಿನಲ್ಲಿ ಜೈಲಿಗೆ ಹೋದನಂತೆ. ಅಲ್ಲಿ ಅಫೀಮು ಎಲ್ಲಿಂದ ಬರಬೇಕು? ಬಿಟ್ಟೇಹೋಯಿತು. ಬಿಡುಗಡೆಯಾದ ದಿನ ಖುಷಿಗೆ ತನ್ನ ಹಳೆಯ ಅಳತೆಯನ್ನೇ ಬಾಯಿಗೆ ಹಾಕಿಕೊಂಡು ಮಲಗಿದವನು ಏಳಲಿಲ್ಲ. "ಮನಸ್ಸಿಗಿ ಅಳತಿ ನೆನಪಿರ್ತದ್ರಿ," ಎಂದಿದ್ದ ಹಕೀಮ, "ಮೈಗಿ ಮರ್ತಿರ್ತದ."

ಖಂಡಪ್ಪ ಈ ಉಪಾಯವನ್ನು ತಿರುವಿ ತಿರುವಿ ನೋಡಿದ. ಎಲ್ಲಿಯೂ ಬಿರುಕಿರಲಿಲ್ಲ. ವಿಷ ತರುವುದಿಲ್ಲ, ಕೊರಳು ಒತ್ತುವುದಿಲ್ಲ, ಸುಳ್ಳೊಂದನ್ನೂ ಹೇಳುವುದಿಲ್ಲ. ಹಳೆಯ ಗಿರಾಕಿಗೆ ಹಳೆಯ ಅಳತೆ ಕೊಡುತ್ತಾನೆ, ಅಷ್ಟೆ. ಕೊಲ್ಲುವ ಕೈ ಮಲ್ಕಪ್ಪನದೇ. ಹೆಣ ಸಿಕ್ಕಮೇಲೆ ಮನೆಯವರು ನಾಚಿ ಬಾಯಿ ಮುಚ್ಚುತ್ತಾರೆ. ಎಲ್ಲಕ್ಕಿಂತ ಸೊಗಸಾದದ್ದೆಂದರೆ, ಸಾಹೇಬರೂ ಮುಚ್ಚುತ್ತಾರೆ. ತಮ್ಮ ಒಬ್ಬನೇ ಒಬ್ಬ ಸುಧಾರಿಸಿದ ಮನುಷ್ಯ ಅಫೀಮು ತಿಂದೇ ಸತ್ತನೆಂದು ಯಾವ ಸಾಹೇಬ ಮೇಲಿನವರಿಗೆ ಬರೆದಾನು? ಎದೆನೋವು ಎನ್ನುತ್ತಾರೆ, ಹೂವಿನ ಹಾರವನ್ನೂ ತರುತ್ತಾರೆ. ಕೊಲೆಯನ್ನು ಮುಚ್ಚಿಹಾಕುವ ಕೆಲಸವನ್ನು ಸರ್ಕಾರಕ್ಕೇ ವಹಿಸಿಕೊಟ್ಟವನು ತಾನೊಬ್ಬನೇ ಇರಬೇಕೆಂದು ಖಂಡಪ್ಪನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಭಾನುವಾರ ಗಡಿಗೆಯಿಂದ ಒಳ್ಳೆಯ ಮಾಲು ತೆಗೆದು, ಮಲ್ಕಪ್ಪನ ಹಳೆಯ ಅಳತೆಯನ್ನು ತೂಗಿ, ಮುತ್ತುಗದ ಎಲೆಯಲ್ಲಿ ಸುತ್ತಿದ. ಹೆಂಡತಿ ಶಿವಕಾಂತಾ ಬಾಗಿಲಲ್ಲಿ ನಿಂತು ನೋಡಿದಳು.

"ಯಾರ ಮ್ಯಾಲ ಇಷ್ಟು ಪ್ರೀತಿ ಉಕ್ಕ್ಯಾದ್ರಿ? ನನಗ ಒಂದಿನ ಪೇಡೇನೂ ಹಿಂಗ ಕಟ್ಟಿಸ್ಕೊಂಡು ಬಂದಿಲ್ಲ."

"ಮಲ್ಕಪ್ಪ ಕಾಕಾಗ ಔಷಧ."

"ಬಿಟ್ಟಾವಗ ಕೊಡಾಕ ಹೊಂಟೀರಿ? ಪುಣ್ಯಾ ಬರ್ತದ ಬಿಡ್ರಿ ನಿಮಗ."

ಮಾದನಹಿಪ್ಪರಗಾದಲ್ಲಿ ಮಲ್ಕಪ್ಪ ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಒಬ್ಬನೇ ಕೂತಿದ್ದ. ಖಂಡಪ್ಪ ಎಲೆಯ ಪೊಟ್ಟಣವನ್ನು ಅವನ ಮೊಣಕಾಲ ಮೇಲಿಟ್ಟ. ಮುದುಕ ಬಿಚ್ಚಲಿಲ್ಲ. ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ.

"ಎಲಾ ಮಗನಾ," ಎಂದ ಕೊನೆಗೆ. "ನನ್ನ ಕೊಲ್ಲಾಕ ಬಂದೀ ಏನಲೇ?"

ಬದುವಿನಾಚೆ ಯಾರೋ ಎತ್ತು ಗದರಿಸುತ್ತಿದ್ದರು. ಆ ದನಿ ಬಹಳ ದೂರದಿಂದ ಬಂದಂತಿತ್ತು. ಓಡುವುದಾದರೆ ಯಾವ ಕಡೆ ಎಂದು ಖಂಡಪ್ಪನ ಕಾಲು ಲೆಕ್ಕ ಹಾಕತೊಡಗಿದಾಗ ಮಲ್ಕಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ಇಷ್ಟು ದಿನಾ ಎಲ್ಲಿ ಸತ್ತಿದ್ದಿ ಅಂತೇನಿ! ನಾನs ಬಾಯಿ ಬಿಟ್ಟು ಕೇಳಬೇಕೇನು?"

"ಈಗ ಬ್ಯಾಡ ಕಾಕಾ, ಯಾರರೆ ನೋಡ್ತಾರ. ಮಲಗೂ ಮುಂದ ತಿನ್ನು. ಪೂರಾ ತಿನ್ನು, ನಿನ್ನ ಅಳತೀನs ಅದ."

"ನನ್ನ ಅಳತಿ ನನಗ ಕಲಿಸಾಕ ಬರಬ್ಯಾಡ, ನಡೀ," ಎಂದು ಮುದುಕ ಪೊಟ್ಟಣವನ್ನು ರುಮಾಲಿನ ಮಡಿಕೆಗೆ ಸೇರಿಸಿದ. ಬಿಟ್ಟವನ ಮನಸ್ಸು ಎಷ್ಟು ಬೇಗ ಜಾರುತ್ತದೆ ಎಂದು ಖಂಡಪ್ಪನಿಗೆ ಅಯ್ಯೋ ಅನ್ನಿಸಿತು; ಬಸ್ಸು ಬರುವವರೆಗೆ.

ಸೋಮವಾರ ಅವನು ಅಫಜಲಪುರದಲ್ಲಿ ನಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿದ್ದ. ಹತ್ತು ಜನರ ಕಣ್ಣಿಗೆ ಬೀಳುವಂತೆ ಓಡಾಡಿದ, ಎರಡು ಸಲ ಹೋಳಿಗೆ ಬಡಿಸಿಕೊಂಡ. ಮಾತು ನಿಂತಾಗಲೆಲ್ಲ ಸಾವಿನ ಸುದ್ದಿ ಬಂತೆಂದುಕೊಂಡು ಬಾಗಿಲ ಕಡೆ ನೋಡಿದ. ಬರಲಿಲ್ಲ. ಮಂಗಳವಾರ ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದವನು ಜೇವರ್ಗಿಯಿಂದ ಬಂದವನೆಂದು ತಿಳಿಯಿತು.

"ಸಭಾ ಆತೇನ್ರಿ ಅಲ್ಲಿ?" ಎಂದು ಕಿಟಕಿಯಾಚೆ ನೋಡುತ್ತ ಕೇಳಿದ.

"ಭಾರೀ ಆತ್ರಿ! ಆ ಮುದುಕ ಮಲ್ಕಪ್ಪ ಇದ್ದಾನಲ್ರಿ, ಅವ ಮಾತಾಡಿದ್ದs ಮಾತಾಡಿದ್ದು. ಮೈಕು ಕಸ್ಕೋಬೇಕಾತು. ಎಂದೂ ಅಂಥಾ ಹುರುಪು ನೋಡಿದ್ದಿಲ್ರಿ."

ಖಂಡಪ್ಪ ಕಿಟಕಿ ಬಿಟ್ಟು ಅವನ ಕಡೆ ತಿರುಗಿದ. "ಯಾರದರೆ ಹೆಸರು ಹೇಳಿದನೇನ್ರಿ?"

"ಇಲ್ಲಪಾ. ಬರೇ ಶಿವನಾಮ, ಸರ್ಕಾರದ ನಾಮ."

ಹಾಗಾದರೆ ತಿಂದಿಲ್ಲ. ಸಭೆಗೆ ಹೆದರಿ ಇಟ್ಟುಕೊಂಡಿದ್ದಾನೆ. ಇವತ್ತು ತಿನ್ನುತ್ತಾನೆ, ಇಲ್ಲವೇ ನಾಳೆ. ಹೆಸರು ಹೇಳಿಲ್ಲವೆಂದ ಮೇಲೆ ಅವಸರವೇನು? ಆಳಂದ ಬರುವಷ್ಟರಲ್ಲಿ ಖಂಡಪ್ಪನ ಉಸಿರು ಹದಕ್ಕೆ ಬಂದಿತ್ತು.

ಮನೆ ಮುಂದೆ ಜೀಪು ನಿಂತಿತ್ತು. ಮುಂದಿನ ಸೀಟಿನಲ್ಲಿ ಮಲ್ಕಪ್ಪ, ಮುಖದಲ್ಲಿ ಬೀಗರ ಊಟ ಉಂಡ ಕಳೆ. ಹಿತ್ತಲಿಂದ ಇಬ್ಬರು ಪೇದೆಗಳು ಗಡಿಗೆಯನ್ನು ಹಸುಗೂಸಿನಂತೆ ಎತ್ತಿಕೊಂಡು ಬರುತ್ತಿದ್ದರು. ಅವರ ಮನೆಗಳಲ್ಲೂ ಹಗೇವುಗಳಿದ್ದವು, ಹುಡುಕಲು ಹೊತ್ತೇನೂ ಹಿಡಿದಿರಲಿಲ್ಲ. ಸಾಹೇಬರು ಖಂಡಪ್ಪನ ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ಅಂಗೈಯಲ್ಲಿದ್ದ ಅಫೀಮಿನ ಸಣ್ಣ ಚೂರೊಂದನ್ನು ತೋರಿಸಿದರು. "ನಿನ್ನೆ ಮುಂಜಾನೆ ಎಂದಿನಂಗ ಅಫೀಮಿನ ಗೋಲಿ ಕೊಟ್ರ ನನ್ನ ಮಾರಿಗೇ ಒಗದಾನ್ರಿ ಈ ಮುದುಕ. 'ಖಂಡಪ್ಪಂದು ತಿಂದು ನೋಡ್ರಿ, ನೀವು ದಿನಾ ಕೊಡೂದು ಬರೇ ಹುಣಸಿಹಣ್ಣು' ಅಂದ." ಅವರ ದನಿ ಇನ್ನಷ್ಟು ತಗ್ಗಿತು. "ಏನು ಮಾಡೂದ್ರಿ? ಶಿಬಿರದಿಂದ ಬಂದ ದಿನಾನೇ ಅಳಾಕತ್ತಿದ್ದ. ಒಂದು ಗೋಲಿ ಬೀಳಲಿಲ್ಲಂದ್ರ ಮೈಕಿನ ಮುಂದ ನಿಂದ್ರಂಗೇ ಇಲ್ಲ. ಅಲ್ಲಿ ಇಲ್ಲಿ ಹಿಡದ ಮಾಲು ಮುಗೀಲಾಕ ಬಂದಿತ್ತು." ಪೇದೆಗಳು ಗಡಿಗೆಯನ್ನು ಜೀಪಿಗೇರಿಸುವುದನ್ನು ನೋಡುತ್ತ ಸಾಹೇಬರು ನೆಮ್ಮದಿಯ ಉಸಿರು ಬಿಟ್ಟರು. "ಆಳಂದ ಮುಗೀತು, ಜೇವರ್ಗಿ ಮುಗೀತು. ಅಫಜಲಪುರದ ಹಳ್ಳಿ ಇನ್ನಾ ಉಳದಾವ. ಸಾಲ್ತದ ಬಿಡ್ರಿ. ಹತ್ರಿ, ನೀವು ಹಿಂದ ಕುಂಡ್ರಿ."