ಜಿಂಕೆಮರಿಯ ಬಾಣಂತನ

"ನಮ್ಮೆಮ್ಮೆ ದಿನಕ್ಕೆ ಕೊಡೋದೇ ಒಂದು ಸೇರು ಹಾಲು," ಎಂದು ಅಜ್ಜಿ ಬೆರಳು ಮಡಿಚಿದಳು. "ನಿನ್ ಮರಿಗೇ ಎರಡು ಪಾವು. ಅಂದ್ರೆ ಅರ್ಧ ಎಮ್ಮೆ ಜಿಂಕೆ ಪಾಲಾಯ್ತು. ಮನೆಮಂದಿಗೆಲ್ಲ ನೀರು ಮಜ್ಜಿಗೆ."

"ಕುಡ್ಕೊಳ್ಳಿ ಬಿಡಜ್ಜಿ, ಪಾಪ," ಎಂದಳು ದ್ಯಾಮಿ.

"ಕುಡ್ದು ಉಳಿಯೋದಾದ್ರೆ ನಾನ್ಯಾಕೆ ಲೆಕ್ಕ ಹೇಳ್ಲಿ? ಕುಡ್ದಿದ್ದೆಲ್ಲ ಹಿಂದ್ಗಡೆ ನೀರಾಗಿ ಹೋಗ್ತೈತೆ. ಎಮ್ಮೆ ಹಾಲು ಇದಕ್ಕೆ ಭಾರ ಕಣೇ. ಹಿಂಗೇ ಆದ್ರೆ ನಾಳಿದ್ದಿಗೆ ಇರಲ್ಲ."

ಮರಿ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಬಿದ್ದುಕೊಂಡಿತ್ತು. ಕಿವಿ ಅಲ್ಲಾಡಿಸಲೂ ಅದಕ್ಕೆ ಶಕ್ತಿ ಇರಲಿಲ್ಲ.

ಊರಾಚೆ ಅಜ್ಜಂಪುರದ ಕಾವಲು. ಮಹಾರಾಜರ ಅಮೃತಮಹಲ್ ದನ ಮೇಯುವ ದೊಡ್ಡ ಹುಲ್ಲುಗಾವಲು ಅದು. ಜಿಂಕೆಗಳೂ ಅಲ್ಲೇ ಮೇಯುತ್ತಿದ್ದವು. ಮೊನ್ನೆ ಯಾರದೋ ಬೇಟೆನಾಯಿಗಳು ಈ ಮರಿಯ ತಾಯಿಯನ್ನು ಕೊಂದಿದ್ದವು. ಪೊದೆಯ ಬುಡದಲ್ಲಿ ಅಡಗಿದ್ದ ಮರಿಯನ್ನು ದ್ಯಾಮಿಯ ಅಪ್ಪ ತೀರ್ಥಪ್ಪ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಅವನು ಬಾಗಿಲು ದಾಟುವ ಮೊದಲೇ ದ್ಯಾಮಿ ಅದಕ್ಕೆ ಚೆಲುವಿ ಎಂದು ಹೆಸರಿಟ್ಟಿದ್ದಳು.

"ಮೇಕೆ ಕಾಯೋ ಚಾಂದ್ ಬಿ ಇದಾಳಲ್ಲ, ಅವಳ ಮೇಕೆ ಈದು ಮರಿ ಕಳ್ಕೊಂಡೈತಂತೆ," ಎಂದಳು ಅಜ್ಜಿ. "ಕೆಚ್ಚಲು ಬಿಗಿದು ಅರಚ್ತಾ ನಿಂತೈತೆ. ನೀನು ಸ್ಕೂಲಿಂದ ಬಾ. ಸಂಜೆ ಇದನ್ನ ಅಲ್ಲಿಗೆ ಒಯ್ಯೋಣ."

ಅಜ್ಜಿ ಕರಿಯಮ್ಮ ಊರಿನ ಸೂಲಗಿತ್ತಿ. ಹೆರಿಗೆ ಮಾಡಿಸುವುದು, ಎಳೆಗೂಸಿಗೆ ನೀರು ಹಾಕುವುದು ಅವಳ ಕೆಲಸ. ಅವತ್ತೂ ಹೊತ್ತೇರುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಸ್ಕೂಲಿನಲ್ಲಿ ದ್ಯಾಮಿಗೆ ಸ್ಲೇಟಿನ ಮೇಲೆ ಮನಸ್ಸು ನಿಲ್ಲಲಿಲ್ಲ. ಹೊಸ ತಾಯಿಗೆ ಚೆಲುವಿ ಇಷ್ಟವಾಗಬೇಕಲ್ಲ! ಗಲೀಜಾಗಿದ್ದರೆ ಯಾರು ಹತ್ತಿರ ಸೇರಿಸುತ್ತಾರೆ?

ಮನೆಗೆ ಓಡಿ ಬಂದಳು. ಅಜ್ಜಿ ಇನ್ನೂ ಬಂದಿರಲಿಲ್ಲ. ಮಗುವಿಗೆ ಏನೇನು ಮಾಡಬೇಕು ಎನ್ನುವುದು ದ್ಯಾಮಿಗೆ ಬಾಯಿಪಾಠ. ಹಂಡೆಯ ಬೆಚ್ಚನೆಯ ನೀರು ಹುಯ್ದಳು. ಕಡಲೆಹಿಟ್ಟು, ಅರಿಶಿನ ಹಚ್ಚಿ ಮೈ ತೊಳೆದಳು. ಬಟ್ಟೆಯಲ್ಲಿ ಒರೆಸಿ ಸಾಂಬ್ರಾಣಿ ಹೊಗೆ ಹಿಡಿದಳು. ಕೊನೆಗೆ ಹಣೆಯ ಮೇಲೆ ಒಂದು ದೃಷ್ಟಿಬೊಟ್ಟು.

ಅಜ್ಜಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಕಂಬಳಿಯಲ್ಲಿ ಸುತ್ತಿದ್ದ ಮರಿಯನ್ನು ಹಾಗೆಯೇ ಎತ್ತಿಕೊಂಡು ಇಬ್ಬರೂ ಚಾಂದ್ ಬಿಯ ಹಿತ್ತಲಿಗೆ ಹೋದರು.

ಮರಿಯನ್ನು ಮೇಕೆಯ ಮುಂದೆ ಇಳಿಸಿದರು. ಮೇಕೆ ಮೂಸಿತು. ಒಂದು ಸಲ ಗಟ್ಟಿಯಾಗಿ ಸೀನಿತು. ಆಮೇಲೆ ತಲೆ ತಗ್ಗಿಸಿ ಢಿಕ್ಕಿ ಹೊಡೆಯಿತು! ಮರಿ ಮಗುಚಿ ಬಿತ್ತು.

ಚಾಂದ್ ಬಿ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾ ಅಲ್ಲಾ! ಕರಿಯಮ್ಮಕ್ಕಾ, ಇದಕ್ಕೂ ಬಾಣಂತನ ಮಾಡ್ಬಿಟ್ಯಾ? ದೃಷ್ಟಿಬೊಟ್ಟು ಬೇರೆ!"

"ನಾನೆಲ್ಲಿ ಮಾಡ್ದೆ? ನಮ್ಮನೆ ಹೊಸ ಸೂಲಗಿತ್ತಿ ಕೆಲ್ಸ ಇದು!"

ದ್ಯಾಮಿಗೆ ಅಳು ಒತ್ತರಿಸಿ ಬಂತು. "ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ."

"ಮೇಕೆ ಮೂಗಲ್ಲಿ ನೋಡ್ತದೆ ಬೇಟಿ," ಎಂದಳು ಚಾಂದ್ ಬಿ. "ಅದಕ್ಕೆ ನಿನ್ ಸಾಂಬ್ರಾಣಿ ಬೇಡ. ತನ್ ಮರಿ ವಾಸ್ನೆ ಬೇಕು. ಅಳೋದು ಆಮೇಲೆ. ಈಗ ಕೈ ಕೊಡು."

ಚಾಂದ್ ಬಿ ಬೇಲಿಯ ಮೇಲೆ ಹಾಕಿದ್ದ ಒಂದು ತೊಗಲನ್ನು ತಂದಳು. ಸತ್ತ ಮೇಕೆಮರಿಯ ತೊಗಲು. ದ್ಯಾಮಿ ಉಸಿರು ಬಿಗಿಹಿಡಿದು ಅದನ್ನು ಚೆಲುವಿಯ ಬೆನ್ನ ಮೇಲೆ ಹೊದಿಸಿ, ಹೊಟ್ಟೆಯ ಕೆಳಗೆ ತಾನೇ ದಾರ ಕಟ್ಟಿದಳು.

ಮೇಕೆ ಮತ್ತೆ ಮೂಸಿತು. ಬಾಲದ ಹತ್ತಿರ, ಬೆನ್ನ ಮೇಲೆ, ಮತ್ತೆ ಬಾಲದ ಹತ್ತಿರ. ಗಂಟಲಲ್ಲೇ ಮೆಲ್ಲಗೆ ಮರಿಯನ್ನು ಕರೆಯಿತು. ಅಜ್ಜಿ ಮರಿಯ ಬಾಯಿಯನ್ನು ಕೆಚ್ಚಲಿಗೆ ಹಿಡಿದಳು. ಮೇಕೆ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಚೆಲುವಿಯ ಪುಟ್ಟ ಬಾಲ ಪಟಪಟ ಆಡತೊಡಗಿತು.

"ಕುಡೀತು!" ಎಂದು ದ್ಯಾಮಿ ಸವರಲು ಕೈ ಚಾಚಿದಳು. ಚಾಂದ್ ಬಿ ಆ ಕೈ ಹಿಡಿದುಕೊಂಡಳು.

"ಇನ್ಮೇಲೆ ಮುಟ್ಬಾರ್ದು. ಹೆಸ್ರು ಹಿಡಿದೂ ಕರೀಬಾರ್ದು."

"ಯಾಕೆ? ನನ್ ಮರಿ ಅಲ್ವಾ?"

"ನೀನು ಕರೆದ್ರೆ ಬರೋದು ಕಲೀತದೆ. ಆಮೇಲೆ ನಾಯಿ ಹಿಡ್ಕೊಂಡು ಬಂದೋನು ಕರೆದ್ರೂ ಹೋಗಿ ನಿಲ್ತದೆ. ಕಾಡುಪ್ರಾಣಿಗೆ ಮನುಷ್ಯರ ಭಯ ಇರ್ಬೇಕು, ಬೇಟಿ."

ದ್ಯಾಮಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಮರಿಯನ್ನು ಬಿಟ್ಟು ತಾನೂ ಹಿಂದೆ ಸರಿದಳು. ದ್ಯಾಮಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಅಂದಿನಿಂದ ಅವಳು ದಿನಾ ಸ್ಕೂಲು ಬಿಟ್ಟ ಮೇಲೆ ಬೇಲಿಯ ಆಚೆಯೇ ನಿಂತು ನೋಡಿ ಹೋಗುತ್ತಿದ್ದಳು. ತೊಗಲು ತೆಗೆದರೂ ಮೇಕೆ ಮರಿಯನ್ನು ಬಿಡಲಿಲ್ಲ. ಮರಿ ಬೆಳೆಯಿತು, ಮೇಕೆಗಳ ಜೊತೆ ಕಾವಲಿನ ಅಂಚಿನವರೆಗೂ ಮೇಯಲು ಹೋಗತೊಡಗಿತು. ಜನರನ್ನು ಕಂಡರೆ ಮೇಕೆಯ ಹಿಂದೆ ಅವಿತುಕೊಳ್ಳುತ್ತಿತ್ತು. ದ್ಯಾಮಿಯನ್ನು ಕಂಡರೂ ಅಷ್ಟೇ. ಮೊದಮೊದಲು ಅವಳಿಗೆ ಸಂಕಟವಾಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ದ್ಯಾಮಿ ಚಾಂದ್ ಬಿಯ ಜೊತೆ ಮೇಕೆ ಕಾಯಲು ಹೋದಳು. ಸಂಜೆ ಮೇಕೆಗಳು ಊರ ಕಡೆ ತಿರುಗಿದವು. ಅಷ್ಟು ದೂರದಲ್ಲಿ ಜಿಂಕೆಗಳ ಹಿಂಡು ನಿಂತಿತ್ತು. ನಡುವೆ ಮರಿ ಒಂದೇ. ಅದು ಒಮ್ಮೆ ಅತ್ತ ನೋಡಿತು, ಒಮ್ಮೆ ಇತ್ತ.

ದ್ಯಾಮಿ ಸದ್ದಿಲ್ಲದೆ ಹುಲ್ಲಿನಲ್ಲಿ ಕುಳಿತಳು. ಚಾಂದ್ ಬಿಯ ಸೆರಗು ಜಗ್ಗಿ ಅವಳನ್ನೂ ಕೂರಿಸಿದಳು.

ಹಿಂಡು ಚಂಗನೆ ನೆಗೆಯಿತು. ಅದರ ಹಿಂದೆಯೇ ಮರಿಯೂ ನೆಗೆಯಿತು.

ತಾಯಿಮೇಕೆ ದಾರಿಯುದ್ದಕ್ಕೂ ಕೂಗಿತು. ಚಾಂದ್ ಬಿಯ ಕೊಟ್ಟಿಗೆಗೆ ಅಂದು ಒಂದು ಮರಿ ಕಡಿಮೆ ಬಂತು. ಕಾವಲಿನಲ್ಲಿ ಒಂದು ಜಿಂಕೆ ಹೆಚ್ಚಾಯಿತು.